ಕೋಡ್ ಬರೆಯುವವರು ಭೌತವಿಜ್ಞಾನಿಗಳಲ್ಲವೇ?

ಪ್ರಶ್ನೆ: ಸೈದ್ಧಾಂತಿಕ ಕಣಭೌತವಿಜ್ಞಾನದಲ್ಲಿ ನನ್ನ ಪಿಎಚ್‌.ಡಿ. ಮುಗಿಯುತ್ತಾ ಬಂದಿದೆ. ಪ್ರಬಂಧದ ಬಹುಪಾಲು ಕೆಲಸ ಕಾಗದ, ಪೆನ್ನಿನದು. ಪೈಥಾನ್‌ನಲ್ಲಿ ಸಣ್ಣಪುಟ್ಟ ಲೆಕ್ಕ ಮಾಡಿದ್ದೇನೆ, ಅಷ್ಟೇ. ಈಗ ಕಂಪ್ಯೂಟೇಷನಲ್ ಕಣಭೌತವಿಜ್ಞಾನದ ಗುಂಪೊಂದು ಮೂರು ವರ್ಷದ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ) ಹುದ್ದೆಯ ಸಂದರ್ಶನಕ್ಕೆ ಕರೆದಿದೆ. "ಅಲ್ಲಿ ಹೋದರೆ ಬರೀ ಕೋಡ್ ಬರೆದುಕೊಂಡು ಕೂರಬೇಕು, ಭೌತವಿಜ್ಞಾನ ಕೈತಪ್ಪಿಹೋಗುತ್ತದೆ" ಎನ್ನುತ್ತಾರೆ ನನ್ನ ಸೀನಿಯರ್ ಒಬ್ಬರು. ಆ ಕೆಲಸ ನಿಜಕ್ಕೂ ಹೇಗಿರುತ್ತದೆ? ಏನು ಕಲಿತುಕೊಂಡು ಹೋಗಲಿ?

ಉತ್ತರ: ನಾನು ಪೋಸ್ಟ್‌ಡಾಕ್‌ಗೆ ಹೊರಟಾಗಲೂ ಹಿರಿಯರೊಬ್ಬರು ಇದೇ ಮಾತು ಹೇಳಿ ಎಚ್ಚರಿಸಿದ್ದರು. ಆಮೇಲೆ ಈ ಕ್ಷೇತ್ರದಲ್ಲಿ ಎರಡು ಪೋಸ್ಟ್‌ಡಾಕ್ ಅವಧಿ ಕಳೆದೆ, ಹಲವು ಪೋಸ್ಟ್‌ಡಾಕ್‌ಗಳ ಜತೆ ಕೂತು ಕೆಲಸ ಮಾಡಿದೆ. ಈಗ ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಉತ್ತರ ಎಂದರೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ 'ಇಷ್ಟು ಹೆಚ್ಚುಕಡಿಮೆ' ಎನ್ನುವ ಇನ್ನೊಂದು ಸಂಖ್ಯೆ. ಮೊದಲನೆಯದನ್ನು ಯಂತ್ರವೇ ಕಕ್ಕುತ್ತದೆ. ಎರಡನೆಯದನ್ನು ನಾವು ಕೊಡಬೇಕು. ಲೆಕ್ಕದ ಯಾವ ಹಂತದಲ್ಲಿ ಏನನ್ನು ಕೈಬಿಟ್ಟೆವು, ಯಾವುದನ್ನು ಅಂದಾಜಿಸಿದೆವು, ಎಲ್ಲಿ ಮೋಸಹೋಗಿರಬಹುದು ಎಂಬುದೆಲ್ಲ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ಆ ಗೊತ್ತಿರುವಿಕೆಗೆ ನೀವು ಓದಿದ ಕ್ವಾಂಟಂ ಕ್ಷೇತ್ರ ಸಿದ್ಧಾಂತ ಪೂರ್ತಿ ಬೇಕಾಗುತ್ತದೆ. ಹಾಗಾಗಿ ಸಂದರ್ಶನಕ್ಕೆ ಹೋಗಿ. ಆದರೆ ಯಾವ ಗುಂಪು, ಯಾವ ಕೆಲಸ ಎಂದು ವಿಚಾರಿಸಿಕೊಂಡು ಹೋಗಿ.

ಮೊದಲು ಕೆಲಸದ ಸ್ವರೂಪ ನೋಡೋಣ. ಈ ಹೆಸರಿನಡಿ ಸುಮಾರಾಗಿ ಎರಡು ಲೋಕಗಳಿವೆ.

ಒಂದು ಲ್ಯಾಟಿಸ್. ಕ್ವಾರ್ಕ್‌ಗಳನ್ನು ಪ್ರೋಟಾನಿನೊಳಗೆ ಹಿಡಿದಿಡುವ ಪ್ರಬಲ ಬಲದ ಸಮೀಕರಣಗಳು ನಮಗೆ ಗೊತ್ತಿವೆ. ಆದರೆ ಕಡಿಮೆ ಶಕ್ತಿಯಲ್ಲಿ ಅವನ್ನು ಕಾಗದದ ಮೇಲೆ ಬಿಡಿಸಲು ಬರುವುದಿಲ್ಲ. 1974ರಲ್ಲಿ ಕೆನೆತ್ ವಿಲ್ಸನ್ ದೇಶಕಾಲವನ್ನೇ ಚೌಕಳಿ ಬಲೆಯಂತೆ ಬಿಡಿಬಿಡಿ ಬಿಂದುಗಳಾಗಿ ಕತ್ತರಿಸಿ, ಸಿದ್ಧಾಂತವನ್ನು ಆ ಬಲೆಯ ಮೇಲೆ ಬರೆದರು. ಕೆಲವೇ ವರ್ಷಗಳಲ್ಲಿ ಮೈಕೆಲ್ ಕ್ರ್ಯೂಟ್ಸ್ ಮೊದಲಾದವರು ಅದನ್ನು ಮಾಂಟೆ ಕಾರ್ಲೊ ವಿಧಾನದಲ್ಲಿ, ಅಂದರೆ ರ್‍ಯಾಂಡಮ್ ಸಂಖ್ಯೆಗಳಿಂದ ಮಾದರಿಗಳನ್ನು ಆರಿಸಿ ಸರಾಸರಿ ತೆಗೆಯುವ ರೀತಿಯಲ್ಲಿ, ಕಂಪ್ಯೂಟರಿಗೆ ಹಾಕಿದರು. 2008ರಲ್ಲಿ ಬುಡಾಪೆಸ್ಟ್-ಮಾರ್ಸೇ-ವುಪ್ಪರ್ಟಾಲ್ ಗುಂಪು ಪ್ರೋಟಾನ್ ಸೇರಿದಂತೆ ಹಗುರ ಕಣಗಳ ದ್ರವ್ಯರಾಶಿಗಳನ್ನು ಕೆಲವೇ ಶೇಕಡಾ ದೋಷದಲ್ಲಿ ಲೆಕ್ಕ ಹಾಕಿ ತೋರಿಸಿತು. ವಿಲ್ಸನ್ ಅವರ ಲೇಖನದಿಂದ ಅಲ್ಲಿಗೆ 34 ವರ್ಷ. ಅಷ್ಟು ವರ್ಷಗಳ ಪ್ರಗತಿಯಲ್ಲಿ ಯಂತ್ರದ ವೇಗಕ್ಕೆ ಎಷ್ಟು ಪಾಲಿದೆಯೋ, ವಿಧಾನದ ಜಾಣ್ಮೆಗೂ ಕಡಿಮೆಯಿಲ್ಲದ ಪಾಲಿದೆ. ಆ ವಿಧಾನಗಳನ್ನು ಹುಡುಕಿದವರು ಭೌತವಿಜ್ಞಾನಿಗಳೇ.

ಗಾತ್ರದ ಅಂದಾಜು ಸಿಗಲೆಂದು ಒಂದು ಲೆಕ್ಕ ಕೊಡುತ್ತೇನೆ. ಮೂರು ದಿಕ್ಕಿಗೆ 64 ಬಿಂದು, ಕಾಲದ ದಿಕ್ಕಿಗೆ 128 ಬಿಂದು ಇರುವ ಬಲೆ ತೆಗೆದುಕೊಳ್ಳಿ. ಇಂದಿಗೆ ಇದು ತೀರಾ ದೊಡ್ಡದೇನಲ್ಲ. ಒಟ್ಟು ಬಿಂದುಗಳು ಸುಮಾರು 3.36 ಕೋಟಿ. ಪ್ರತಿ ಬಿಂದುವಿನಿಂದ ನಾಲ್ಕು ಕೊಂಡಿ, ಪ್ರತಿ ಕೊಂಡಿಯ ಮೇಲೆ 3×3ರ ಸಂಕೀರ್ಣ ಮ್ಯಾಟ್ರಿಕ್ಸ್, ಅಂದರೆ 18 ಸಂಖ್ಯೆಗಳು. ಒಂದೊಂದಕ್ಕೆ 8 ಬೈಟ್ ಎಂದರೂ ಗ್ಲೂಆನ್ (ಪ್ರಬಲ ಬಲವನ್ನು ಸಾಗಿಸುವ ಕಣ) ಕ್ಷೇತ್ರದ ಒಂದೇ ಒಂದು ಚಿತ್ರಕ್ಕೆ 19 ಗಿಗಾಬೈಟ್ ದಾಟುತ್ತದೆ. ಇದನ್ನು ನಾವು ಕಾನ್ಫಿಗರೇಷನ್ ಎನ್ನುತ್ತೇವೆ. ಅಂಥವು ನೂರಾರು, ಸಾವಿರಾರು ಬೇಕು. ಅಷ್ಟೇ ಆಗಿದ್ದರೆ ಡಿಸ್ಕಿನ ಸಮಸ್ಯೆ ಎಂದು ಸುಮ್ಮನಾಗಬಹುದಿತ್ತು. ಪ್ರತಿ ಹೆಜ್ಜೆಯಲ್ಲೂ ಕೋಟಿಗಟ್ಟಲೆ ಸಾಲುಗಳ ಒಂದು ಮ್ಯಾಟ್ರಿಕ್ಸ್ ಸಮೀಕರಣ ಬಿಡಿಸಬೇಕು. ಕ್ವಾರ್ಕಿನ ದ್ರವ್ಯರಾಶಿ ನಿಜದ ಬೆಲೆಗೆ ಹತ್ತಿರವಾದಷ್ಟೂ ಆ ಸಮೀಕರಣ ಹಟ ಹಿಡಿಯುತ್ತದೆ.

ಭೌತವಿಜ್ಞಾನ ಕೈತಪ್ಪುತ್ತದೆ ಎಂದರಲ್ಲ ನಿಮ್ಮ ಸೀನಿಯರ್, ಅದು ಇಲ್ಲೇ ಕಾಣುವುದು. ಹೊಸಬರು ಸಾವಿರ ಕಾನ್ಫಿಗರೇಷನ್ ಮೇಲೆ ಒಂದು ರಾಶಿಯನ್ನು ಅಳೆದು, ಸರಾಸರಿ ತೆಗೆದು, ದೋಷವನ್ನು ಸಾವಿರದ ವರ್ಗಮೂಲದಿಂದ ಭಾಗಿಸಿ, ಗ್ರಾಫ್ ಹಾಕಿಕೊಂಡು ಬರುತ್ತಾರೆ. ಎರರ್ ಬಾರ್ (ಆ 'ಹೆಚ್ಚುಕಡಿಮೆ'ಯನ್ನು ತೋರಿಸುವ ಗೆರೆ) ಚುಕ್ಕೆಯಷ್ಟು ಚಿಕ್ಕದಾಗಿ ಅಂದವಾಗಿ ಕಾಣುತ್ತದೆ. ಆದರೆ ಮಾಂಟೆ ಕಾರ್ಲೊ ಸರಪಳಿಯಲ್ಲಿ ಇಂದಿನ ಕಾನ್ಫಿಗರೇಷನ್ ಹುಟ್ಟುವುದು ನಿನ್ನೆಯದರಿಂದ; ಎರಡೂ ಒಂದನ್ನೊಂದು ಹೋಲುತ್ತವೆ. ಹಿಂದಿನದರ ನೆನಪು ಅಳಿಯಲು 25 ಹೆಜ್ಜೆ ಹಿಡಿಯುತ್ತದೆ ಎನ್ನಿ. ಆಗ ಸಾವಿರವನ್ನು ಅದರ ಎರಡರಷ್ಟರಿಂದ, ಅಂದರೆ 50ರಿಂದ ಭಾಗಿಸಬೇಕು. ಕೈಯಲ್ಲಿ ನಿಜವಾಗಿ ಇರುವುದು 20 ಸ್ವತಂತ್ರ ಅಳತೆಗಳು ಮಾತ್ರ. ದೋಷ ಏಳು ಪಟ್ಟು ದೊಡ್ಡದಾಗುತ್ತದೆ, ಅಂದದ ಗ್ರಾಫ್ ಹೋಯಿತು. ಇನ್ನೂ ಕಷ್ಟದ ಸಂಗತಿ, ಆ 25 ಎಂಬುದು ಅಳೆಯುವ ರಾಶಿಗೆ ತಕ್ಕಂತೆ ಬದಲಾಗುತ್ತದೆ. ಬಲೆಯ ಕಣ್ಣು ಸಣ್ಣದು ಮಾಡುತ್ತಾ ಹೋದಂತೆ ಕ್ಷೇತ್ರದ ಟೊಪಾಲಜಿ (ಅದರ ಒಟ್ಟಾರೆ ಸುತ್ತುಗಳ ಎಣಿಕೆ) ಒಂದೇ ಕಡೆ ಹೆಪ್ಪುಗಟ್ಟಿ ನಿಂತುಬಿಡುತ್ತದೆ. ಸಾವಿರ ಹೆಜ್ಜೆ ಹಾಕಿದರೂ ಕದಲುವುದಿಲ್ಲ. ಇದು ಕೋಡಿನ ತಪ್ಪಲ್ಲ, ಸಿದ್ಧಾಂತದ ಗುಣ. ಇದಕ್ಕೆ ಪರಿಹಾರ ಹುಡುಕಿದರೆ ಒಳ್ಳೆಯ ಲೇಖನವಾಗುತ್ತದೆ, ಒಬ್ಬರ ಪೋಸ್ಟ್‌ಡಾಕ್ ಅವಧಿಗೆ ಅದೊಂದೇ ಸಾಕು.

ಇಂಥ ಲೆಕ್ಕಗಳಿಂದ ಏನಾಗುತ್ತದೆ ಎಂಬುದಕ್ಕೆ ಮ್ಯೂಆನ್ ಕಥೆ ನೋಡಿ. 2021ರ ಏಪ್ರಿಲ್ 7ರಂದು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯ ಮ್ಯೂಆನಿನ (ಎಲೆಕ್ಟ್ರಾನಿನ ಭಾರದ ಸೋದರ ಕಣ) ಕಾಂತೀಯ ಗುಣದ ಹೊಸ ಅಳತೆ ಪ್ರಕಟಿಸಿತು. ಹಿಂದಿನ ಬ್ರೂಕ್‌ಹೇವನ್ ಅಳತೆಯ ಜತೆ ಸೇರಿಸಿ ನೋಡಿದರೆ, 2020ರಲ್ಲಿ ಸಿದ್ಧಾಂತಿಗಳು ಒಮ್ಮತದಿಂದ ಕೊಟ್ಟಿದ್ದ ಬೆಲೆಗಿಂತ 4.2 ಸಿಗ್ಮಾದಷ್ಟು, ಅಂದರೆ ಒಟ್ಟು ದೋಷದ 4.2 ಪಟ್ಟು, ದೂರವಿತ್ತು. ಹೊಸ ಕಣದ ಸುಳಿವೇ ಎಂದು ಎಲ್ಲೆಡೆ ಸಂಭ್ರಮ. ಅದೇ ದಿನ, ಮೇಲೆ ಹೇಳಿದ ಬುಡಾಪೆಸ್ಟ್-ಮಾರ್ಸೇ-ವುಪ್ಪರ್ಟಾಲ್ ಗುಂಪಿನ ಲ್ಯಾಟಿಸ್ ಲೆಕ್ಕವೂ ಪ್ರಕಟವಾಯಿತು. ಅದರ ಪ್ರಕಾರ ಅಂತರ ಅಷ್ಟು ದೊಡ್ಡದಿರಲಿಲ್ಲ. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಗುಂಪುಗಳು ತಮ್ಮದೇ ಕೋಡ್, ತಮ್ಮದೇ ಬಲೆ ಇಟ್ಟುಕೊಂಡು ಆ ಲೆಕ್ಕದ ಭಾಗಗಳನ್ನು ಪರೀಕ್ಷಿಸಿದವು. 2025ರಲ್ಲಿ ಸಿದ್ಧಾಂತಿಗಳ ಹೊಸ ಒಮ್ಮತದ ಬೆಲೆ ಲ್ಯಾಟಿಸ್ ಲೆಕ್ಕಗಳನ್ನೇ ಆಧರಿಸಿತು. ಆ ವರ್ಷ ಜೂನ್‌ನಲ್ಲಿ ಬಂದ ಫರ್ಮಿಲ್ಯಾಬ್‌ನ ಅಂತಿಮ ಅಳತೆ, ನೂರು ಕೋಟಿಯಲ್ಲಿ 127 ಭಾಗದಷ್ಟು ನಿಖರ, ಅದಕ್ಕೆ ಹೊಂದಿಕೊಂಡಿತು. ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಗಳ ಹಳೆಯ ದತ್ತಾಂಶ ಬೇರೆ ಉತ್ತರ ಕೊಟ್ಟದ್ದು ಏಕೆ ಎಂಬ ಜಗಳ ಇನ್ನೂ ತೀರಿಲ್ಲ. ಪ್ರಕೃತಿಯಲ್ಲಿ ಹೊಸ ಕಣವಿದೆಯೋ ಇಲ್ಲವೋ ಎಂಬ ಪ್ರಶ್ನೆ ಕೆಲವು ವರ್ಷ ಎರರ್ ಬಾರ್‌ಗಳ ಮೇಲೇ ನಿಂತಿತ್ತು. ಆ ಲೆಕ್ಕಗಳಲ್ಲಿ ದುಡಿದವರಲ್ಲಿ ಪೋಸ್ಟ್‌ಡಾಕ್‌ಗಳೂ ಇದ್ದರು. ಅವರಿಗೆ ಭೌತವಿಜ್ಞಾನ ಕೈತಪ್ಪಿತು ಎಂದು ನಿಮ್ಮ ಸೀನಿಯರ್ ಹೇಳಲಾರರು.

ಎರಡನೆಯ ಲೋಕ ಡಿಕ್ಕಿಗಳದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿ ಎಂಬ ಕಣವೇಗವರ್ಧಕದ ಉಂಗುರದೊಳಗೆ ಪ್ರೋಟಾನ್ ಗುಚ್ಛಗಳು 25 ನ್ಯಾನೊಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ನಾಲ್ಕು ಕೋಟಿ ಸಲದ ವೇಗದಲ್ಲಿ ಎದುರುಬದುರಾಗುತ್ತವೆ. ಅದರಲ್ಲಿ ಬಹುತೇಕ ಎಲ್ಲವನ್ನೂ ಆ ಕ್ಷಣದಲ್ಲೇ ಬಿಟ್ಟು, ಸೆಕೆಂಡಿಗೆ ಕೆಲವು ಸಾವಿರ ಘಟನೆಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಹಾಗೆ ಉಳಿಸಿಕೊಂಡದ್ದನ್ನು ಅರ್ಥ ಮಾಡಿಕೊಳ್ಳಲು ನಕಲಿ ಡಿಕ್ಕಿಗಳು ಬೇಕು. ಪಿಥಿಯಾ, ಹರ್ವಿಗ್, ಶೆರ್ಪಾ ಎಂಬ ಪ್ರೋಗ್ರಾಂಗಳು ಡಿಕ್ಕಿಯಿಂದ ಹೊರಬರುವ ಕಣಗಳನ್ನು ಹುಟ್ಟಿಸುತ್ತವೆ. ಜಿಯಾಂಟ್4 ಆ ಒಂದೊಂದು ಕಣವನ್ನೂ ಡಿಟೆಕ್ಟರಿನ ಸಿಲಿಕಾನ್, ತಾಮ್ರ, ಸೀಸಗಳ ಮೂಲಕ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ. ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರ್‌ಗೆ ಹೊಕ್ಕ ಒಂದು ಎಲೆಕ್ಟ್ರಾನ್ ಸಾವಿರಾರು ಕಣಗಳ ಮಳೆಯಾಗುತ್ತದೆ. ಪ್ರತಿಯೊಂದನ್ನೂ ಹಿಂಬಾಲಿಸಬೇಕಾದ್ದರಿಂದ ಸಿಮ್ಯುಲೇಷನ್ ಸಮಯದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಎಲ್‌ಎಚ್‌ಸಿಯ ಮುಂದಿನ ಹಂತದಲ್ಲಿ ಪ್ರತಿ ಸಲ ಗುಚ್ಛಗಳು ಹಾಯುವಾಗ 200ರ ತನಕ ಡಿಕ್ಕಿಗಳು ಒಂದರ ಮೇಲೊಂದು ಬೀಳಲಿವೆ. ಇಂದಿನ ವಿಧಾನವನ್ನೇ ಹಿಗ್ಗಿಸಿದರೆ ಅದಕ್ಕೆ ಯಂತ್ರಗಳು ಸಾಲುವುದಿಲ್ಲ. ಈ ಕ್ಷೇತ್ರದಲ್ಲಿ ಈಗ ಹುದ್ದೆಗಳು ಹುಟ್ಟುತ್ತಿರುವುದಕ್ಕೆ ಅದೂ ಒಂದು ಮುಖ್ಯ ಕಾರಣ.

ಇಲ್ಲಿ ನನ್ನದೇ ಅನುಭವ ಒಂದನ್ನು ಹೇಳಬೇಕು. ನನ್ನ ಮೊದಲ ಪೋಸ್ಟ್‌ಡಾಕ್‌ನ ಆರನೆಯ ತಿಂಗಳು. ಒಂದು ಹಿನ್ನೆಲೆ ಪ್ರಕ್ರಿಯೆಯ ನಕಲಿ ಘಟನೆಗಳು ಬೇಕಿದ್ದವು. ಕ್ಲಸ್ಟರಿಗೆ (ಒಟ್ಟಾಗಿ ದುಡಿಯುವ ಕಂಪ್ಯೂಟರುಗಳ ಸಮೂಹ) 400 ಜಾಬ್ ಕಳಿಸಿದೆ. ಬೆಳಿಗ್ಗೆ ಬಂದು ಎಲ್ಲವನ್ನೂ ಕೂಡಿಸಿ ಹಿಸ್ಟೋಗ್ರಾಂ ಹಾಕಿದರೆ ನಯವಾಗಿ ಇಳಿಯಬೇಕಾದ ಗೆರೆಯಲ್ಲಿ ಉಬ್ಬುಗಳು. ಒಂದು ಉಬ್ಬಂತೂ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ಎರಡೂ ಬದಿಯ ಎರರ್ ಬಾರ್‌ಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಸಮೀಕರಣದಲ್ಲಿ ಹುಡುಕಿದೆ, ಘಟನೆಗಳನ್ನು ಆರಿಸುವ ಕಟ್‌ಗಳಲ್ಲಿ ಹುಡುಕಿದೆ, ಜನರೇಟರಿನ ಆವೃತ್ತಿ ಬದಲಿಸಿದೆ. ಮೂರು ವಾರ ಹೋಯಿತು. ಕೊನೆಗೆ ಗುಂಪಿನ ಹಿರಿಯ ಸಂಶೋಧಕಿಯೊಬ್ಬರು ನನ್ನ ಪರದೆಯ ಮುಂದೆ ಕೂತು, ಗೆರೆಗೂ ಚುಕ್ಕೆಗಳಿಗೂ ಇರುವ ವ್ಯತ್ಯಾಸ ಎರರ್ ಬಾರ್‌ಗಳಿಗೆ ತಕ್ಕಷ್ಟಿದೆಯೇ ಎಂದು ತೋರಿಸುವ ಕೈ-ಸ್ಕ್ವೇರ್ ಲೆಕ್ಕ ಹಾಕಿಸಿದರು, ಪ್ರತಿ ಚುಕ್ಕೆಗೆ ಸರಾಸರಿಯಾಗಿ. ಒಂದರ ಹತ್ತಿರ ಬರಬೇಕಿದ್ದದ್ದು ಐದನ್ನೂ ದಾಟಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೀಡ್ ಎಲ್ಲಿಂದ ತಗೊಂಡಿದ್ದೀರಿ?"

ರ್‍ಯಾಂಡಮ್ ಸಂಖ್ಯೆಗಳ ಸೀಡನ್ನು (ಸರಣಿ ಶುರುವಾಗುವ ಮೊದಲ ಸಂಖ್ಯೆ; ಸೀಡ್ ಒಂದೇ ಆದರೆ ಸರಣಿಯೂ ಒಂದೇ) ನಾನು ಯಂತ್ರದ ಗಡಿಯಾರದಿಂದ ತೆಗೆದುಕೊಂಡಿದ್ದೆ, ಸೆಕೆಂಡಿನ ಲೆಕ್ಕದಲ್ಲಿ. ಕ್ಲಸ್ಟರ್ ಒಂದೇ ಸೆಕೆಂಡಿನಲ್ಲಿ ಹಲವು ಜಾಬ್‌ಗಳನ್ನು ಶುರುಮಾಡಿತ್ತು. 400 ಜಾಬ್‌ಗಳಲ್ಲಿ ಬೇರೆ ಬೇರೆ ಸೀಡ್ ಇದ್ದದ್ದು 80ರಷ್ಟು. ಹೆಚ್ಚುಕಡಿಮೆ ಪ್ರತಿ ಘಟನೆಯೂ ಐದೈದು ಸಲ ಪಡಿಯಚ್ಚಾಗಿ ಕೂತಿತ್ತು. ಕೈ-ಸ್ಕ್ವೇರ್ ಐದರ ಸುತ್ತ ಸುಳಿದದ್ದು ಅದಕ್ಕೇ: ಒಂದು ಘಟನೆ ಐದು ಸಲ ಎಣಿಕೆಯಾದರೆ ಏರಿಳಿತದ ವೇರಿಯನ್ಸ್ ಐದು ಪಟ್ಟಾಗುತ್ತದೆ. ಸಾಲು ಒಂದೇ ಬದಲಾಯಿಸಿದ್ದು, ಜಾಬ್ ಸಂಖ್ಯೆಯನ್ನೇ ಸೀಡಿಗೆ ಸೇರಿಸಿದೆ. ಉಬ್ಬು ಮಾಯವಾಯಿತು. ಆ ದಿನದಿಂದ ನನ್ನ ಪ್ರತಿ ಔಟ್‌ಪುಟ್ ಫೈಲಿನ ತಲೆಯಲ್ಲಿ ಸೀಡ್, ಕೋಡಿನ ಆವೃತ್ತಿ, ಯಂತ್ರದ ಹೆಸರು ಅಚ್ಚಾಗುತ್ತವೆ. ನನ್ನ ಜತೆ ಕೆಲಸ ಮಾಡುವವರಿಗೂ ಅದನ್ನು ಬಿಡಲು ಬಿಡುವುದಿಲ್ಲ.

ಸೀಡ್ ಸರಿಯಿದ್ದರೂ ಜನರೇಟರೇ ಮೋಸಮಾಡಬಹುದು. 1992ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ, ವಾಂಗ್ ಎಂಬ ಮೂವರು ಕಾಂತವಸ್ತುವಿನ ಸರಳ ಮಾದರಿಯಾದ ಎರಡು ಆಯಾಮದ ಐಸಿಂಗ್ ಮಾದರಿಯನ್ನು ಕ್ಲಸ್ಟರ್ ಅಲ್ಗಾರಿದಮ್‌ನಲ್ಲಿ (ಬಿಂದುಗಳನ್ನು ಗುಂಪುಗುಂಪಾಗಿ ತಿರುಗಿಸುವ ವಿಧಾನ) ಓಡಿಸಿ ನೋಡಿದರು. ಉತ್ತಮವೆಂದು ಹೆಸರಾಗಿದ್ದ ರ್‍ಯಾಂಡಮ್ ಸಂಖ್ಯಾ ಜನರೇಟರೊಂದು ತಪ್ಪು ಉತ್ತರ ಕೊಟ್ಟಿತು, ಎರರ್ ಬಾರ್‌ಗಳಿಗಿಂತ ಬಹಳ ದೂರದ ಉತ್ತರ. ಗೊತ್ತಾದದ್ದು ಹೇಗೆ? ಆ ಮಾದರಿಗೆ ಲಾರ್ಸ್ ಆನ್ಸಾಗರ್ 1944ರಲ್ಲೇ ಕಾಗದದ ಮೇಲೆ ಪರಿಹಾರ ಬರೆದಿಟ್ಟಿದ್ದರು. ಹೋಲಿಸಿ ನೋಡಲು ನಿಜವಾದ ಉತ್ತರ ಕೈಯಲ್ಲೇ ಇತ್ತು. ಕಾಗದ, ಪೆನ್ನಿನಿಂದ ಬಂದವರಿಗೆ ಈ ಕ್ಷೇತ್ರದಲ್ಲಿ ಬೆಲೆಯಿರುವುದು ಇಂಥಲ್ಲೇ. ಯಾವ ಮಿತಿಯಲ್ಲಿ ಉತ್ತರ ಮೊದಲೇ ಗೊತ್ತಿದೆ, ಯಾವ ಸಮ್ಮಿತಿ ಮುರಿಯಕೂಡದು, ಯಾವ ಮೊತ್ತ ಸೊನ್ನೆಯಾಗಲೇಬೇಕು ಎಂದು ನಿಮಗೆ ತಿಳಿದಿದೆ. ಚೆನ್ನಾಗಿ ಕೋಡ್ ಬರೆಯುವ ಎಷ್ಟೋ ಮಂದಿಗೆ ಅದು ತಿಳಿದಿರುವುದಿಲ್ಲ.

ಮಷೀನ್ ಲರ್ನಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಸಂದರ್ಶನದಲ್ಲಿ ಅವರು ಕೇಳುತ್ತಾರೆ. ಕಣಗಳ ಜಾಡು ಹುಡುಕಲು ಗ್ರಾಫ್ ನ್ಯೂರಲ್ ನೆಟ್‌ವರ್ಕ್, ಕ್ಯಾಲೊರಿಮೀಟರ್ ಮಳೆಯನ್ನು ಬೇಗ ಸುರಿಸಲು ಜನರೇಟಿವ್ ಮಾದರಿಗಳು ಈಗಾಗಲೇ ಬಳಕೆಯಲ್ಲಿವೆ. ಎಲ್‌ಎಚ್‌ಸಿಯ ಅಟ್ಲಾಸ್ ಪ್ರಯೋಗದ ವೇಗದ ಸಿಮ್ಯುಲೇಷನ್‌ನಲ್ಲಿ ಅಂಥದ್ದೊಂದು ಸೇರಿಕೊಂಡಿದೆ. ಕಲಿಯಿರಿ. ಒಂದು ಎಚ್ಚರಿಕೆ ಇರಲಿ: ನೆಟ್‌ವರ್ಕ್ ಪಾಠ ಕಲಿಯುವುದು ಸಿಮ್ಯುಲೇಷನ್‌ನಿಂದ. ಸಿಮ್ಯುಲೇಷನ್‌ನಲ್ಲಿ ಎಲ್ಲೋ ಜೆಟ್‌ಗಳ (ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪು) ಅಗಲ ತುಸು ತಪ್ಪಿದ್ದರೆ ನೆಟ್‌ವರ್ಕ್ ಆ ತಪ್ಪನ್ನೇ ಹಿಡಿದು 'ಸಿಗ್ನಲ್' ಎಂದು ತೋರಿಸಬಹುದು. ನಿಖರತೆ ಶೇ. 2 ಹೆಚ್ಚಿತು ಎಂದು ಹಿಗ್ಗುವ ಮೊದಲು, ಆ ಹೆಚ್ಚಳ ಎಲ್ಲಿಂದ ಬಂತು ಎಂದು ಹೇಳಬಲ್ಲವರು ನನ್ನ ಗುಂಪಿಗೆ ಬೇಕು.

ಇನ್ನು ಕಲಿಕೆ. ಪೈಥಾನ್ ಬರುತ್ತದೆ ಎಂದಿರಿ, ಒಳ್ಳೆಯದು. ಸಿ++ ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ಬೇಕು, ಏಕೆಂದರೆ ಜಿಯಾಂಟ್4, ದತ್ತಾಂಶ ವಿಶ್ಲೇಷಣೆಯ ರೂಟ್, ಇಂದಿನ ಪಿಥಿಯಾ ಎಲ್ಲವೂ ಅದರಲ್ಲೇ ಇವೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಇಲ್ಲದೆ ಒಂದು ದಿನವೂ ಕಳೆಯದು. ಕ್ಲಸ್ಟರಿನಲ್ಲಿ ಜಾಬ್ ಹಾಕುವುದು ಒಂದು ವಾರದ ಕಲಿಕೆ, ಅದಕ್ಕೆ ಈಗಲೇ ಹೆದರಬೇಡಿ. ಜಿಪಿಯು (ಏಕಕಾಲಕ್ಕೆ ಸಾವಿರಾರು ಲೆಕ್ಕ ಮಾಡುವ ಚಿಪ್) ಪ್ರೋಗ್ರಾಮಿಂಗ್ ಅಲ್ಲಿ ಹೋಗಿ ಕಲಿಯಬಹುದು. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ: ಕಂಪ್ಯೂಟರಿನಲ್ಲಿ ಕೂಡುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿಗಳು ಬದಲಾಗುತ್ತವೆ. ಜಿಪಿಯುವಿನಲ್ಲಿ ಸಾವಿರಾರು ಕೈಗಳು ಏಕಕಾಲಕ್ಕೆ ಕೂಡುವುದರಿಂದ, ಕೋಡಿನಲ್ಲಿ ಎಚ್ಚರ ವಹಿಸದಿದ್ದರೆ ಒಂದೇ ಪ್ರೋಗ್ರಾಂ ಎರಡು ಸಲ ಓಡಿಸಿದಾಗ ಎರಡು ಉತ್ತರ ಬರಬಹುದು. ಅದು ಅಪಾಯವೋ ಅಲ್ಲವೋ ಎಂದು ನಿರ್ಧರಿಸುವುದಕ್ಕೂ ಭೌತವಿಜ್ಞಾನವೇ ಬೇಕು. ಭಾಷೆಗಳಿಗಿಂತ ಹೆಚ್ಚು ಸಮಯವನ್ನು ಸಂಖ್ಯಾಶಾಸ್ತ್ರಕ್ಕೆ ಕೊಡಿ: ಬೂಟ್‌ಸ್ಟ್ರ್ಯಾಪ್, ಜಾಕ್‌ನೈಫ್ (ಇರುವ ಅಳತೆಗಳನ್ನೇ ಮತ್ತೆ ಮತ್ತೆ ಆರಿಸಿ ದೋಷ ಅಂದಾಜಿಸುವ ವಿಧಾನಗಳು), ಕೊರಿಲೇಟೆಡ್ ಫಿಟ್ (ಒಂದಕ್ಕೊಂದು ಹೆಣೆದುಕೊಂಡ ಅಳತೆಗಳಿಗೆ ಗೆರೆ ಹೊಂದಿಸುವುದು). ಪಿಎಚ್‌.ಡಿ. ಮುಗಿಸಿ ಬರುವ ಸಿದ್ಧಾಂತಿಗಳಲ್ಲಿ ನಾನು ಕಂಡ ದೊಡ್ಡ ಕೊರತೆ ಅದು.

ನಿಮ್ಮ ಸೀನಿಯರ್ ಮಾತಿನಲ್ಲಿ ಒಂದು ಸತ್ಯಾಂಶ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಗುಂಪುಗಳಲ್ಲಿ ಪೋಸ್ಟ್‌ಡಾಕ್ ಎಂದರೆ ಹಳೆಯ ಕೋಡಿಗೆ ತೇಪೆ ಹಾಕುವ ಕೈ. ಮೂರು ವರ್ಷ ಎಲ್ಲರ ಜಾಬ್‌ಗಳನ್ನು ಓಡಿಸಿ ಕೊಟ್ಟು, ಕೊನೆಗೆ ತನ್ನದೆಂದು ತೋರಿಸಲು ಏನೂ ಇಲ್ಲದೆ ಹೊರಬಂದವರನ್ನು ಕಂಡಿದ್ದೇನೆ. ಅವರ ಮೇಲಾದದ್ದು ಅನ್ಯಾಯ. ಅದಕ್ಕೇ ಸಂದರ್ಶನದಲ್ಲಿ ನೀವೂ ಕೇಳಿ. ನಿಮ್ಮ ಹಿಂದೆ ಆ ಹುದ್ದೆಯಲ್ಲಿದ್ದವರು ಮೊದಲ ಹೆಸರಿನಲ್ಲಿ ಯಾವ ಲೇಖನ ಬರೆದರು, ಈಗ ಎಲ್ಲಿದ್ದಾರೆ? ವಾರದಲ್ಲಿ ಎಷ್ಟು ಸಮಯ ಗುಂಪಿನ ಕೋಡಿಗೆ, ಎಷ್ಟು ಸ್ವಂತ ಪ್ರಶ್ನೆಗೆ? ಯಂತ್ರದ ಸಮಯ ಈಗಾಗಲೇ ಮಂಜೂರಾಗಿದೆಯೇ, ಇನ್ನೂ ಅರ್ಜಿ ಹಾಕಬೇಕೇ? ಮಂಜೂರಾಗದ ಯಂತ್ರ ಸಮಯವನ್ನು ನಂಬಿ ಹೋದವರಿಗೆ ಮೊದಲ ವರ್ಷ ಕೈಖಾಲಿ. ಈ ಪ್ರಶ್ನೆಗಳಿಗೆ ಮುಖ ಕೊಟ್ಟು ಉತ್ತರಿಸದ ಗುಂಪನ್ನು ಬಿಟ್ಟುಬಿಡಿ.

ದೊಡ್ಡ ಪ್ರಯೋಗಗಳಿಗೆ ಸೇರಿದರೆ ಇನ್ನೊಂದು ತೊಡಕು. ಹಿಗ್ಸ್ ಕಣದ ದ್ರವ್ಯರಾಶಿ ಕುರಿತು ಎಲ್‌ಎಚ್‌ಸಿಯ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳು ಒಟ್ಟಾಗಿ 2015ರಲ್ಲಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. ಅಷ್ಟು ಹೆಸರುಗಳ ನಡುವೆ ನಿಮ್ಮದನ್ನು ಯಾರೂ ಹುಡುಕುವುದಿಲ್ಲ. ನೀವು ಏನು ಮಾಡಿದಿರಿ ಎಂದು ಹೇಳುವುದು ಶಿಫಾರಸು ಪತ್ರಗಳು, ಒಳಗಿನ ಟಿಪ್ಪಣಿಗಳು, ಸಮ್ಮೇಳನದಲ್ಲಿ ಕೊಟ್ಟ ಉಪನ್ಯಾಸ, ನಿಮ್ಮ ಹೆಸರಿನ ಸಾಫ್ಟ್‌ವೇರ್. ಲ್ಯಾಟಿಸ್ ಗುಂಪುಗಳು ಚಿಕ್ಕವು, ಅಲ್ಲಿ ಈ ಕಷ್ಟ ಕಡಿಮೆ. ಕಾಯಂ ಹುದ್ದೆಗಳು ಪೋಸ್ಟ್‌ಡಾಕ್‌ಗಳ ಸಂಖ್ಯೆಗೆ ಹೋಲಿಸಿದರೆ ಕಡಿಮೆ ಎಂಬುದೂ ನಿಜ. ಈ ಕೆಲಸ ಬಲ್ಲವರಿಗೆ ಹೊರಗೆ ಕೆಲಸ ಸಿಗುತ್ತದೆ. ಆದರೆ ಅದೊಂದೇ ಕಾರಣಕ್ಕೆ ಬರಬೇಡಿ. ಆ ಕೌಶಲಗಳನ್ನು ಕಲಿಯಲು ಇದಕ್ಕಿಂತ ಹತ್ತಿರದ ದಾರಿಗಳಿವೆ.

ಸಂದರ್ಶನಕ್ಕೆ ಇನ್ನೂ ಕೆಲವು ವಾರ ಇದ್ದರೆ ಒಂದು ಕೆಲಸ ಮಾಡಿ. ಎರಡು ಆಯಾಮದ ಐಸಿಂಗ್ ಮಾದರಿಯನ್ನು ಮೆಟ್ರೊಪೊಲಿಸ್ ಅಲ್ಗಾರಿದಮ್‌ನಲ್ಲಿ (ಒಂದೊಂದೇ ಬಿಂದುವನ್ನು ಬದಲಿಸುವ ಮಾಂಟೆ ಕಾರ್ಲೊ ವಿಧಾನ) ನೀವೇ ಬರೆಯಿರಿ, ಇನ್ನೂರು ಸಾಲು ಮೀರುವುದಿಲ್ಲ. ಶಕ್ತಿಯನ್ನು ಆನ್ಸಾಗರ್ ಉತ್ತರದ ಜತೆ ಹೋಲಿಸಿ. ಆಮೇಲೆ ಉಷ್ಣತೆಯನ್ನು ಮಾದರಿಯ ಏಕಮಾನದಲ್ಲಿ 2.269ಕ್ಕೆ, ಅಂದರೆ ಕಾಂತತೆ ಹುಟ್ಟುವ ಕ್ರಾಂತಿಕ ಬಿಂದುವಿಗೆ, ತಂದು, ಬಲೆಯ ಬದಿ 16, 32, 64 ಇಟ್ಟು, ಕಾಂತತೆಯ ನೆನಪು ಅಳಿಯಲು ಎಷ್ಟು ಸುತ್ತು ಬೇಕು ಎಂದು ಅಳೆಯಿರಿ. ಬದಿ ದುಪ್ಪಟ್ಟಾದಾಗಲೆಲ್ಲ ಅದು ಸುಮಾರು ನಾಲ್ಕೂವರೆ ಪಟ್ಟು ಏರಬೇಕು. 64ರಲ್ಲಿ ನಿಮ್ಮ ಸಂಖ್ಯೆ ಖಂಡಿತ ಮೊಂಡು ಹಿಡಿಯುತ್ತದೆ, ಓಟ ಸಾಲದೆ ಎರರ್ ಬಾರ್ ಹುಚ್ಚಾಪಟ್ಟೆ ಕಾಣುತ್ತದೆ. ಅದನ್ನು ತಿದ್ದಿ ನಯಮಾಡಲು ಹೋಗಬೇಡಿ. ಆ ಗ್ರಾಫನ್ನು ಹಾಗೇ ತೆಗೆದುಕೊಂಡು ಹೋಗಿ, ಕೊನೆಯ ಚುಕ್ಕೆಯನ್ನು ನಾನು ಏಕೆ ನಂಬುವುದಿಲ್ಲ ಎಂದು ಅವರಿಗೆ ವಿವರಿಸಿ.